ಶುಕ್ರವಾರದ ಉತ್ತರ

ಬೆಟ್ಟ ಬೆಳಗ್ಗೆಯೇ ಟೋಪಿ ಹಾಕಿಕೊಂಡಿತ್ತು. ಆಚೆ ದಡದ ಬೋಳು ಬೆಟ್ಟದ ನೆತ್ತಿಯ ಮೇಲೆ ಬಿಳಿ ಮೋಡ ಹಾಗೆ ಗಟ್ಟಿಯಾಗಿ ಕೂತರೆ ಬುರಾ ಎಂಬ ಬಿರುಗಾಳಿ ಇಳಿಯುತ್ತದೆಂದು ನಮ್ಮ ದ್ವೀಪದ ಕೋಳಿಗಳಿಗೂ ಗೊತ್ತು. ಆದರೂ ಬಂದರಿನ ಕಟ್ಟೆಯ ಮೇಲೆ ನಿಂತ ಮಂದಿ ಬೆಟ್ಟ ನೋಡುವುದು ಬಿಟ್ಟು ಕೈಯಲ್ಲಿದ್ದ ಫೋನು ನೋಡುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವ ಈ ಚಟ ಹತ್ತಿದ್ದು ಬೆಪಿನಾ ಬಂದ ಮೇಲೆ.

ಬೆಪಿನಾ ಅಂದರೆ ಹೆಂಗಸಲ್ಲ, ಪಂಚಾಯ್ತಿಯವರು ತಂದಿಟ್ಟ ಎಐ ಸಹಾಯಕಿ. ಫೋನಿನಲ್ಲಿ ಕೇಳಿದರೆ ನಮ್ಮ ಅಜ್ಜಿಯರ ಭಾಷೆಯಲ್ಲೇ ಉತ್ತರ ಕೊಡುತ್ತಾಳೆ. ಬರೀ ಮಾತಲ್ಲ, ಆಚೆ ದಡದ ಕಚೇರಿಗಳ ಕಂಪ್ಯೂಟರುಗಳ ಜೊತೆ ತಾನೇ ವ್ಯವಹರಿಸಿ ಕೆಲಸವನ್ನೂ ಮಾಡಿಸುತ್ತಾಳೆ. ಆಸ್ಪತ್ರೆಯ ದೋಣಿ ಕರೆಸುವುದು, ಹವಾಮಾನ ತಿಳಿಯುವುದು, ದೋಣಿ ಎಲ್ಲಿದೆ ಎಂದು ನೋಡುವುದು, ಎಲ್ಲ ಅವಳದೇ. ಈ ಎಲ್ಲ ಕೊಂಡಿಗಳನ್ನು ನೋಡಿಕೊಳ್ಳುವ ಕೆಲಸ ಪಂಚಾಯ್ತಿ ಕಚೇರಿಯ ವಿಂಕಾಳದು.

ಆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ವಿಂಕಾಳ ತಮ್ಮ ಯೆರ್ಕೊ ಕಟ್ಟೆಯಿಂದ ಫೋನು ಮಾಡಿದ.

"ಅಕ್ಕಾ, ನಿನ್ನ ಬೆಪಿನಾ ದೋಣಿ ಬರ್ತಿದೆ ಬರ್ತಿದೆ ಅಂತ ಬೆಳಗ್ಗೆಯಿಂದ ಹೇಳ್ತಾನೇ ಇದಾಳೆ. ಇಷ್ಟೊತ್ತಿಗೆ ಅಮೆರಿಕದಿಂದಾನೂ ಬಂದಿರ್ಬೇಕಿತ್ತು."

"ಕಪ್ತಾನ ಲುಕ್ಷಾ ತಡ ಮಾಡೋನಲ್ವಲ್ಲೋ. ಕಾಲು ಹೇಗಿದೆ?"

"ಬೂಟಿನ ದಾರ ಬಿಚ್ಚಿದೀನಿ. ಆದ್ರೂ ಪಾದ ಪೂರ್ತಿ ಒಳಗೆ ಹೋಗ್ತಿಲ್ಲ." ಅವನು ನಗಲು ನೋಡಿದ, ಉಸಿರು ಸಾಲಲಿಲ್ಲ. "ಮೀನು ಹಿಡಿಯೋನ ಮೈಯಲ್ಲಿ ನೀರು ತುಂಬ್ಕೊಂಡ್ರೆ ತಪ್ಪೇನು, ಬಿಡು."

ಯೆರ್ಕೊನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆಚೆ ದಡದ ಸ್ಪ್ಲಿಟ್‌ನ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಶುಕ್ರವಾರ ಹೋಗಿಬಂದಿದ್ದ. ಇವತ್ತು ತಪ್ಪಿದರೆ, ಬುರಾ ಒಮ್ಮೆ ಶುರುವಾದ ಮೇಲೆ ಗುರುವಾರದ ತನಕ ಕಡಲು ದಾಟುವ ಮಾತಿಲ್ಲ. ಆ ಗಾಳಿಯಲ್ಲಿ ಹೆಲಿಕಾಪ್ಟರ್ ಕೂಡ ಏಳುವುದಿಲ್ಲ. ಅಷ್ಟು ದಿನ ಅವನ ಎದೆ ತಡೆಯುವುದಿಲ್ಲವೆಂದು ಡಾಕ್ಟರು ವಿಂಕಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

ಅವಳು ಆಚೆ ದಡದಲ್ಲಿದ್ದ ಆಸ್ಪತ್ರೆ ದೋಣಿಯ ಕಪ್ತಾನ ಲುಕ್ಷಾನಿಗೆ ಫೋನು ಮಾಡಿದಳು.

"ಯಾವ ದೋಣಿ?" ಅಂದ ಲುಕ್ಷಾ. "ನಿಮ್ಮ ಕಡೆಯಿಂದ ಇವತ್ತು ಆದೇಶಾನೇ ಬಂದಿಲ್ಲ. ಯೆರ್ಕೊ ಮುಂಜಾನೆ ಹಡಗಿಗೇ ಹೋದ ಅಂದ್ಕೊಂಡಿದ್ದೆ."

ವಿಂಕಾ ಕೂತಲ್ಲಿಂದ ಎದ್ದಳು. "ಲುಕ್ಷಾ, ಈಗಲೇ ಹೊರಡು. ಆದೇಶ ಆಮೇಲೆ ಕಳಿಸ್ತೀನಿ."

"ನಿಂಗೆ ಗೊತ್ತಿಲ್ವೇನಮ್ಮಾ? ಮದುವೆ ಗಲಾಟೆ ಮರೆತ್ಯಾ?"

ಅವಳು ಮರೆತಿರಲಿಲ್ಲ. ಹೋದ ವರ್ಷ ಯಾರೋ ಪುಣ್ಯಾತ್ಮರು ಹೆರಿಗೆ ನೋವು ಅಂತ ಫೋನಿನಲ್ಲೇ ದೋಣಿ ಕರೆಸಿ, ಮದುವೆ ದಿಬ್ಬಣವನ್ನು ಅಕಾರ್ಡಿಯನ್ ಸಮೇತ ಹತ್ತಿಸಿಬಿಟ್ಟಿದ್ದರು. ಅದಕ್ಕೆ ಶಿಕ್ಷೆಯಾಗಿ ಲುಕ್ಷಾ ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕಾಯಿತು. ಆಮೇಲೆ ಜಿಲ್ಲಾ ಕಚೇರಿ ಫೋನಿನ ಆದೇಶವನ್ನೇ ನಿಲ್ಲಿಸಿ, ಆಯಾ ದ್ವೀಪದ ಪಂಚಾಯ್ತಿಯ ಕಂಪ್ಯೂಟರಿನಿಂದ ಸಂಖ್ಯೆ ಸಮೇತ ಬಂದರೆ ಮಾತ್ರ ದೋಣಿ ಬಿಚ್ಚಬೇಕೆಂದು ಕಟ್ಟು ಮಾಡಿತು. ನಗಿಸಿದವರು ನಗಿಸಿ ಹೋದರು, ಅಳುವ ಪಾಳಿ ಯೆರ್ಕೊನಿಗೆ ಬಂತು.

"ಇನ್ನೊಮ್ಮೆ ಸಂಖ್ಯೆ ಇಲ್ದೆ ಹೊರಟ್ರೆ ಚುಕ್ಕಾಣಿನೇ ಕಿತ್ಕೋತಾರೆ. ಇಂಜಿನ್ ಶುರು ಮಾಡ್ಕೊಂಡು ಕೂತಿರ್ತೀನಿ. ಕೊಲ್ಲಿಯ ಬಾಯಲ್ಲಿ ನೀರು ಬೆಳ್ಳಗಾದ್ರೆ ಮಾತ್ರ ನನ್ನ ಕೇಳ್ಬೇಡ. ನಂಗೂ ಮಕ್ಕಳಿದಾವೆ."

ವಿಂಕಾ ಪರದೆಯ ಮುಂದೆ ಕೂತಳು. ಎಲ್ಲ ಕೊಂಡಿಗಳ ಪಕ್ಕದಲ್ಲೂ ಹಸಿರು ದೀಪ. ಎಲ್ಲಿಯೂ ಒಂದು ದೂರಿಲ್ಲ. ಹೊಟ್ಟೆ ನೋವೆಂದು ಹೊರಳಾಡುವವನ ನಾಡಿ ಹಿಡಿದು ನೋಡಿದರೆ ಎಲ್ಲ ಸರಿಯಾಗಿದೆ ಅಂದ ಹಾಗೆ.

"ಬೆಪಿನಾ, ಯೆರ್ಕೊನ ದೋಣಿ ಕರೆಸಿದೀಯಾ?"

"ಕರೆಸಿದ್ದೇನೆ ಮಗಳೇ. ಆದೇಶ ಸಂಖ್ಯೆ ಮುನ್ನೂರ ನಲವತ್ತೊಂದು. ದೋಣಿ ಹೊರಟಿದೆ."

ಬೆಪಿನಾಳ ದನಿಯಲ್ಲಿ ಅದೆಷ್ಟು ನೆಮ್ಮದಿ. ವಿಂಕಾಳಿಗೆ ಆ ದನಿಯ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೋಪ ನುಂಗಿಕೊಂಡು ಒಂದು ಉಪಾಯ ಮಾಡಿದಳು. ಪಂಚಾಯ್ತಿ ಅಧ್ಯಕ್ಷ ಸ್ರೆಚ್ಕೊ ಬೇಸಿಗೆಯ ಪ್ರವಾಸಿಗರ ಫೋಟೋಗೆಂದು ಒಂದು ಕತ್ತೆ ಸಾಕಿದ್ದಾನೆ.

"ಬೆಪಿನಾ, ಅಧ್ಯಕ್ಷರ ಕತ್ತೆಗೆ ಹುಷಾರಿಲ್ಲ. ಅದಕ್ಕೂ ಒಂದು ದೋಣಿ ಕರೆಸು."

ಮನುಷ್ಯರ ದೋಣಿಗೆ ಕತ್ತೆ ಹತ್ತಿಸುವ ಆದೇಶವನ್ನು ಜಿಲ್ಲಾ ಕಚೇರಿ ತಿರಸ್ಕರಿಸಲೇಬೇಕು. ಬೆಪಿನಾ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೇಳಿದಳು: "ಕರೆಸಿದ್ದೇನೆ. ಆದೇಶ ಸಂಖ್ಯೆ ಮುನ್ನೂರ ನಲವತ್ತೊಂದು."

ಯೆರ್ಕೊನಿಗೂ ಕತ್ತೆಗೂ ಒಂದೇ ಸಂಖ್ಯೆ. ಹಳೆಯ ಆದೇಶಗಳನ್ನು ತೆಗೆದು ನೋಡಿದಳು. ಮುನ್ನೂರ ನಲವತ್ತೊಂದು ಶುಕ್ರವಾರದ ಸಂಖ್ಯೆ. ಬೆಪಿನಾ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವಳಿಗೇ ಯಾರೋ ಮೂರು ದಿನದ ಹಳಸಲು ಬಡಿಸುತ್ತಿದ್ದರು.

ಬೆಪಿನಾಗೂ ಆಚೆ ದಡದ ಕಚೇರಿಗಳಿಗೂ ನಡುವೆ ಒಂದು ಸಣ್ಣ ಪ್ರೋಗ್ರಾಮು ಇದೆ. ಇವಳ ಮಾತನ್ನು ಅಲ್ಲಿಗೆ, ಅಲ್ಲಿಯ ಉತ್ತರವನ್ನು ಇವಳಿಗೆ ಒಯ್ಯುವ ಅಂಚೆಯವನ ಕೆಲಸ ಅದರದು. ವಿಂಕಾ ಅದರ ಸೆಟ್ಟಿಂಗುಗಳನ್ನು ತೆರೆದು ಒಂದೊಂದೇ ಸಾಲು ಓದುತ್ತ ಇಳಿದಳು. ಅರ್ಧ ದಾರಿಯಲ್ಲಿ ಅವಳು ಹಾಕಿರದ ಒಂದು ಸಾಲು ಸಿಕ್ಕಿತು. ಕಚೇರಿಯಿಂದ ಸರಿಯಾದ ಉತ್ತರ ಬಾರದಿದ್ದರೆ ಕೊನೆಯ ಸಲ ಬಂದ ಒಳ್ಳೆಯ ಉತ್ತರವನ್ನೇ ಕೊಡು, ಎಂದು ಅದರ ಅರ್ಥ.

ಅಧ್ಯಕ್ಷನ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಕೂತಲ್ಲಿಂದಲೇ ಕೇಳಿದಳು. "ಅಧ್ಯಕ್ಷರೇ, ಬೆಪಿನಾಗೆ ಹಳೇ ಉತ್ತರ ಕೊಡಿಸೋ ವ್ಯವಸ್ಥೆ ಯಾರು ಮಾಡಿದ್ದು?"

ಸ್ರೆಚ್ಕೊ ಕನ್ನಡಕ ಹಣೆಗೇರಿಸಿ ಹೊರಬಂದ. "ಅದಾ? ನಾನೇ ಝಾಗ್ರೆಬಿನ ಕಂಪನಿಯವರಿಗೆ ಹೇಳಿ ಮಾಡಿಸಿದ್ದು. ಚಳಿಗಾಲದಲ್ಲಿ ಲೈನು ಕಡಿದಾಗೆಲ್ಲ ಬೆಪಿನಾ 'ಆಗಲ್ಲ, ಆಗಲ್ಲ' ಅಂತಿದ್ಲು. ಜನ ನನ್ನ ಮನೆ ಮುಂದೆ ಬಂದು ಬಯ್ತಿದ್ರು. ಪಂಚಾಯ್ತಿಯಿಂದ ಜನಕ್ಕೆ ಇಲ್ಲ ಅನ್ನೋ ಮಾತು ಹೋಗ್ಬಾರ್ದು, ವಿಂಕಾ."

"ನಂಗೆ ಒಂದು ಮಾತು ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

ಅದಂತೂ ನಿಜ. ಚುನಾವಣೆ ಹತ್ತಿರ ಬಂದಾಗ ಮೂಗಿಗೆ ತುಪ್ಪ ಸವರುವ ಕಲೆ ಎಲ್ಲ ಊರಿನ ಅಧ್ಯಕ್ಷರಿಗೂ ಹುಟ್ಟಿನಿಂದಲೇ ಬಂದಿರುತ್ತದೆ. ಜಗಳಕ್ಕೆ ಹೊತ್ತಿರಲಿಲ್ಲ. ವಿಂಕಾ ಆ ಸಾಲು ಅಳಿಸಿದಳು, ಕೂಡಿಟ್ಟ ಹಳೆಯ ಉತ್ತರಗಳನ್ನೂ ಅಳಿಸಿದಳು, ನಡುವಿನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಅದು ಎದ್ದು ನಿಲ್ಲುವ ತನಕ ಉಗುರು ಕಚ್ಚಿಕೊಂಡಳು.

"ಬೆಪಿನಾ, ಯೆರ್ಕೊನಿಗೆ ದೋಣಿ ಕರೆಸು."

"ಆಗಲಿಲ್ಲ ಮಗಳೇ. ಆ ಕಚೇರಿ ನನ್ನ ಕೀಲಿಯನ್ನು ಒಪ್ಪುತ್ತಿಲ್ಲ. ನಾನು ಅವನಿಗೆ ದೋಣಿ ಕರೆಸಿಲ್ಲ."

ಬೆಳಗ್ಗೆಯಿಂದ ಕೇಳಿದ ಮೊದಲ ನಿಜವಾದ ಮಾತು ಅದು. ಹಸಿರು ದೀಪಗಳು ಒಂದೊಂದಾಗಿ ಕೆಂಪಾದವು, ದೋಣಿಯದು, ಆಸ್ಪತ್ರೆಯದು, ಕೊನೆಗೆ ಹವಾಮಾನದ್ದೂ. ವಿಂಕಾ ಕೊನೆಯದರ ಮೇಲೆ ಬೆರಳಿಟ್ಟಳು. ಬುರಾ ಸೋಮವಾರ ರಾತ್ರಿಗೆ ಬರುತ್ತದೆ ಎಂದು ಬೆಳಗ್ಗೆ ಬೆಪಿನಾ ಹೇಳಿದ್ದಳು, ಅದನ್ನೇ ನಂಬಿ ಇಷ್ಟು ಹೊತ್ತು ಲೆಕ್ಕ ಹಾಕಿದ್ದಳು. ಹಾಗಾದರೆ ಅದೂ ಶುಕ್ರವಾರದ್ದೇ. ಕಿಟಕಿಗೆ ಹೋಗಿ ನೋಡಿದಳು. ಬೆಟ್ಟದ ಟೋಪಿಯ ಅಂಚು ಹರಿದು ಕೆಳಕ್ಕೆ ಜೋಲುತ್ತಿತ್ತು. ಟೋಪಿ ಹರಿದರೆ ಗಾಳಿ ಹೊರಟಾಯಿತೆಂದೇ ಲೆಕ್ಕ. ರಾತ್ರಿ ಅಲ್ಲ, ಈಗಲೇ.

ಫೋನು ಬಡಿದುಕೊಂಡಿತು. ಯೆರ್ಕೊ.

"ಅಕ್ಕಾ, ಬೆಪಿನಾ ಈಗ ದೋಣಿನೇ ಕರೆಸಿಲ್ಲ ಅಂತಾಳೆ. ಬೆಳಗ್ಗೆಯಿಂದ ನನ್ನ ಮಂಗ ಮಾಡಿದ್ಲಾ?"

"ಅವಳ ತಪ್ಪಲ್ವೋ. ಸರಿ ಮಾಡ್ತಿದೀನಿ. ನೀನು ಐಸ್ ಮನೆಯ ಗೋಡೆ ಮರೆಗೆ ಕೂತ್ಕೋ, ಗಾಳಿಗೆ ಮೈ ಕೊಡ್ಬೇಡ."

"ಅಕ್ಕಾ, ಆಗದಿದ್ರೆ ಆಗಲ್ಲ ಅಂತ ನಂಗೆ ಹೇಳ್ಬಿಡು. ಮನೆಗೆ ಹೋಗಿ ಮಲಗ್ತೀನಿ. ಈ ಕಟ್ಟೆ ಮೇಲೆ ಎಲ್ರ ಎದುರು ಬೇಡ."

"ಬಾಯ್ಮುಚ್ಚು," ಅಂದಳು ವಿಂಕಾ.

ಕೀಲಿ ಅಂದರೆ ಆಚೆ ದಡದ ಕಂಪ್ಯೂಟರುಗಳು ಬೆಪಿನಾಳನ್ನು ಒಳಗೆ ಬಿಡುವ ಗುಟ್ಟಿನ ಸಂಕೇತ. ಅದು ಯಾರದೆಂದು ಹುಡುಕುವ ಕಷ್ಟವೇ ಇರಲಿಲ್ಲ. ನಮ್ಮ ದ್ವೀಪದಲ್ಲಿ ಮನೆಗೆ ಬೀಗ ಹಾಕಿದರೆ ನೆರೆಯವರಿಗೆ ಅವಮಾನ. ಕೀಲಿ ಬಾಗಿಲಲ್ಲೇ ಇರುತ್ತದೆ, ಬಂದವರು ತಿರುಗಿಸಿ ಒಳಗೆ ಹೋಗುತ್ತಾರೆ, ಮೀನು ತಂದವರು ಅಡುಗೆಮನೆಯಲ್ಲಿಟ್ಟು ಬರುತ್ತಾರೆ. ಬೆಪಿನಾಗೆ ಕೊಂಡಿಗಳನ್ನು ಜೋಡಿಸುವ ದಿನ ಒಂದೊಂದಕ್ಕೂ ಬೇರೆ ಕೀಲಿ ಬೇಕೆಂದು ವಿಂಕಾ ಅಂದಾಗ, ಬಂದರು ಕಚೇರಿಯ ಫ್ರಾನೆ ಮಾವ ನಕ್ಕುಬಿಟ್ಟಿದ್ದ. ನನ್ನದೇ ಹಾಕು ಮಗಳೇ, ಇಲ್ಲಿ ಕಳ್ಳರು ಯಾರಿದ್ದಾರೆ ಅಂದಿದ್ದ. ಅವಳೂ ಇದೇ ನೆಲದವಳಲ್ಲವೇ. ನಗುತ್ತ ಅವನ ಕೀಲಿಯನ್ನೇ ಎಲ್ಲಕ್ಕೂ ಹಾಕಿದಳು. ಫ್ರಾನೆ ಮಾವ ಶುಕ್ರವಾರ ನಿವೃತ್ತನಾದ. ಇಡೀ ಊರು ಸೇರಿ ಕುರಿಮರಿ ಸುಟ್ಟು ವೈನು ಕುಡಿದು ಅವನನ್ನು ಹೆಗಲ ಮೇಲೆ ಕುಣಿಸಿತು. ಆ ಸಂಭ್ರಮದಲ್ಲಿ, ನಿವೃತ್ತರ ಕೀಲಿಯನ್ನು ಜಿಲ್ಲಾ ಕಚೇರಿ ಮಾರನೆ ದಿನವೇ ರದ್ದು ಮಾಡುತ್ತದೆನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ವಿಂಕಾಳ ತಲೆಗೆ ಹೊಳೆಯಬೇಕಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಅದನ್ನು ನೆನೆದು ಅವಳು ತನ್ನನ್ನೇ ಬೈದುಕೊಂಡಳು.

ಹೊಸ ಕೀಲಿ ಕೊಡಬೇಕಾದವಳು ಜಿಲ್ಲಾ ಕಚೇರಿಯ ಸೆಂಕಾ. ವಿಂಕಾ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಇನ್ನೊಮ್ಮೆ ಮಾಡಿದಾಗ ಪಕ್ಕದ ಮೇಜಿನವನು ಎತ್ತಿದ.

"ಸೆಂಕಾ ಮರೆಂಡಾಗೆ ಹೋಗಿದಾರೆ."

ಮರೆಂಡಾ ಅಂದರೆ ಬೆಳಗಿನ ಕಾಫಿಗೂ ಇಳಿಮಧ್ಯಾಹ್ನದ ದೊಡ್ಡ ಊಟಕ್ಕೂ ನಡುವಿನ ಊಟ. ಆ ಹೊತ್ತಿನಲ್ಲಿ ನಮ್ಮ ಕರಾವಳಿಯ ಕಚೇರಿಗಳಲ್ಲಿ ಕುರ್ಚಿಗಳು ಮಾತ್ರ ಕೆಲಸ ಮಾಡುತ್ತವೆ.

"ಮೊಬೈಲು?"

"ಇಲ್ಲೇ ಮೇಜಿನ ಮೇಲಿದೆ. ತಿನ್ನುವಾಗ ಫೋನು ಮುಟ್ಟೋದಿಲ್ಲ ಅವರು."

"ಎಲ್ಲಿಗೆ ಹೋಗಿದಾರೆ?"

"ಯಾರಿಗ್ಗೊತ್ತು. ಒಂದೊಂದು ದಿನ ಒಂದೊಂದು ಕಡೆ, ಇವತ್ತು ಸೋಮವಾರ."

ವಿಂಕಾ ಮೆಟ್ಟಿಲು ಎರಡೆರಡೇ ಹಾರಿ ಕೆಳಗಿಳಿದು ಚೌಕಕ್ಕೆ ಓಡಿದಳು. ಫ್ರಾನೆ ಮಾವ ಕಾಫಿ ಅಂಗಡಿಯೊಳಗೆ ಇಸ್ಪೀಟು ಹಿಡಿದು ಕೂತಿದ್ದ. ಅವಳು ಏದುಸಿರಿನಲ್ಲೇ ವಿಷಯ ಹೇಳಿದಳು. ಅವನ ಮುಖ ಸಪ್ಪಗಾಯಿತು, ಕೈಯಲ್ಲಿದ್ದ ಎಲೆಗಳನ್ನು ಮಗುಚಿ ಮೇಜಿನ ಮೇಲಿಟ್ಟ.

"ನನ್ನ ಕೀಲಿಯಿಂದ ಹೀಗಾಯ್ತಾ?"

"ಅದೆಲ್ಲ ಆಮೇಲೆ ಮಾವ. ಸೆಂಕಾ ಸೋಮವಾರ ಎಲ್ಲಿ ತಿಂತಾಳೆ?"

ನಲವತ್ತು ವರ್ಷ ಜಿಲ್ಲಾ ಕಚೇರಿಯವರ ಜೊತೆ ಕೆಲಸ ಮಾಡಿದವನಿಗೆ ಅವರ ಕಡತಗಳಿಗಿಂತ ಹೊಟ್ಟೆಗಳ ಪರಿಚಯ ಹೆಚ್ಚು. "ಸೋಮವಾರ ಕರುಳಿನ ಸಾರು. ಅದನ್ನ ಸರಿಯಾಗಿ ಮಾಡೋದು ಮೀನು ಮಾರ್ಕೆಟ್ಟಿನ ಹಿಂದಿನ ದೊಮಿನಾ ಒಬ್ಳೇ," ಅಂದು ಅಂಗಡಿಯವನ ಫೋನು ಕಿತ್ತುಕೊಂಡ. ನಂಬರು ಅವನ ಬೆರಳಿಗೇ ಗೊತ್ತಿತ್ತು.

"ದೊಮಿನಾ, ಫ್ರಾನೆ. ಹೂಂ, ನಿವೃತ್ತಿ ಆಯ್ತು. ಆಮೇಲೆ ಮಾತಾಡೋಣ. ಕಿಟಕಿ ಹತ್ರ ಸೆಂಕಾ ಇದಾಳಾ? ಕೊಡು ಅವಳಿಗೆ. ತಿನ್ಲಿ, ತಿಂತಾನೇ ಕೇಳಿಸ್ಕೊಳ್ಳಿ."

ವಿಂಕಾ ಫೋನು ಕಸಿದುಕೊಂಡಳು.

"ನನ್ನ ಸಾರು ಆರ್ತಿದೆ," ಅಂತು ಆ ಕಡೆಯ ದನಿ.

"ನನ್ನ ತಮ್ಮನೂ ಆರ್ತಿದಾನೆ ಸೆಂಕಾ, ಕಟ್ಟೆ ಮೇಲೆ." ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು.

ಆ ಕಡೆ ಚಮಚ ಕೆಳಗಿಟ್ಟ ಸದ್ದಾಯಿತು. "ಯೆರ್ಕೊನಾ? ಬೇಸಿಗೆಯಲ್ಲಿ ನಂಗೆ ಆಕ್ಟೋಪಸ್ ತಂದುಕೊಡ್ತಾನಲ್ಲ, ಅವನಾ? ನೀನು ಮೇಲೆ ಹೋಗಿ ಕೂತಿರು. ನಾನು ಹೊರಟೆ."

ವಿಂಕಾ ಮೇಜಿಗೆ ಮರಳುವಷ್ಟರಲ್ಲಿ ಕಿಟಕಿ ಗಾಜುಗಳು ಗಡಗಡ ಅನ್ನತೊಡಗಿದ್ದವು. ಸೆಂಕಾ ತನ್ನ ಕಚೇರಿಯಿಂದ ಫೋನು ಮಾಡಿ, ಲೈನಿನಲ್ಲಿದ್ದುಕೊಂಡೇ ಹೊಸ ಕೀಲಿ ಕಳಿಸಿದಳು. ಹಳೆಯದನ್ನು ಕಿತ್ತು ದೋಣಿಯ ಕೊಂಡಿಗೆ ಅದನ್ನು ಹಾಕಿ, ಪ್ರೋಗ್ರಾಮನ್ನು ಮತ್ತೆ ಎಬ್ಬಿಸಿದಳು. ಬೆಪಿನಾ ಅಂದಳು: "ಈಗ ಕೀಲಿಯನ್ನು ಒಪ್ಪಿದರು. ಆದರೆ ಈ ಕೀಲಿಗೆ ದೋಣಿಗಳನ್ನು ನೋಡುವ ಅನುಮತಿ ಮಾತ್ರ ಇದೆ, ಕರೆಸುವ ಅನುಮತಿ ಇಲ್ಲ."

"ಸೆಂಕಾ, ದೋಣಿ ಕರೆಸೋ ಅನುಮತಿ ಹಾಕೋದು ಬಿಟ್ಟಿದೀಯಾ."

"ಅಯ್ಯೋ ದೇವರೇ. ಅವಸರದಲ್ಲಿ ನೋಡ್ಲಿಲ್ಲ, ತಾಳು." ಕೀಲಿಮಣೆ ಕುಟ್ಟುವ ಸದ್ದು. "ಈಗ ನೋಡು."

"ಬೆಪಿನಾ, ಯೆರ್ಕೊನಿಗೆ ದೋಣಿ."

ಈ ಸಲ ಬೆಪಿನಾ ತಡಮಾಡಿದಳು. ಅವಳ ಮಾತು ಕಡಲು ದಾಟಿ, ಆ ಕಚೇರಿ ಮುಟ್ಟಿ, ಉತ್ತರ ಹೊತ್ತು ತಿರುಗಿ ಬರಬೇಕಲ್ಲ. ಆ ತಡವೇ ಒಳ್ಳೆಯ ಶಕುನವೆಂದು ವಿಂಕಾ ಮೇಜಿನ ಅಂಚು ಹಿಡಿದು ಕಾದಳು.

"ಕರೆಸಿದೆ. ಆದೇಶ ಸಂಖ್ಯೆ ಮುನ್ನೂರ ಐವತ್ತೆಂಟು."

ಅಷ್ಟರಲ್ಲಿ ಲುಕ್ಷಾನೇ ಫೋನು ಮಾಡಿದ. "ಸಂಖ್ಯೆ ಬಂತು. ಅಲ್ಲಿಗೆ ಬರೋವಾಗ ಗಾಳಿ ಬೆನ್ನಿಗಿರುತ್ತೆ, ಪರವಾಗಿಲ್ಲ, ತಿರುಗೋವಾಗ ದೇವರೇ ಗತಿ. ಕಟ್ಟೆ ತುದಿಗೆ ನಿಲ್ಸಿರು ಅವನನ್ನ. ಹಗ್ಗ ಕಟ್ಟೋದಿಲ್ಲ, ಎತ್ತಿ ಹಾಕ್ಕೊಂಡು ಹೊರಟೆ."

ವಿಂಕಾ ಕಟ್ಟೆಗೆ ಓಡಿದಳು. ಲುಕ್ಷಾ ಹೇಳಿದ ಹಾಗೇ ಮಾಡಿದ. ಕೊಲ್ಲಿಯ ನೀರು ಗಾಳಿಗೆ ತುಂತುರೆದ್ದು ಬೆಳ್ಳಗೆ ಹೊಗೆಯಾಡುತ್ತಿತ್ತು. ದೋಣಿ ಕಟ್ಟೆಗೆ ತಾಗಿ ಮೇಲೇರಿದ ಗಳಿಗೆ ನೋಡಿ, ಇಬ್ಬರು ಮೀನುಗಾರರು ಯೆರ್ಕೊನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಕೊಟ್ಟರು. ಅವನ ಒಂದು ಬೂಟು ಕಟ್ಟೆಯ ಮೇಲೇ ಉಳಿಯಿತು. ಅವನು ಅಕ್ಕನ ಕಡೆ ಕೈ ಎತ್ತಿ ಏನೋ ಅಂದ, ಗಾಳಿಗೆ ಕೇಳಿಸಲಿಲ್ಲ. ದೋಣಿ ಮೂಗು ತಿರುಗಿಸಿ ಆ ಬಿಳಿ ಹೊಗೆಯೊಳಗೆ ಹೋಯಿತು.

ವಿಂಕಾ ಬೂಟು ಹಿಡಿದುಕೊಂಡು ಕಚೇರಿಗೆ ಬಂದಳು. ದಾರಿಯುದ್ದಕ್ಕೂ ಗೋಡೆ ಹಿಡಿದೇ ನಡೆಯಬೇಕಾಯಿತು. ಬಂದವಳೇ ಸೆಂಕಾ ಕಳಿಸಿದ್ದ ಬೇರೆ ಬೇರೆ ಕೀಲಿಗಳನ್ನು ಉಳಿದ ಕೊಂಡಿಗಳಿಗೆ ಹಾಕಿದಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತಿತ್ತು. ಮುಗಿಸಿ ಕೇಳಿದಳು.

"ಬೆಪಿನಾ, ದೋಣಿ ಎಲ್ಲಿದೆ?"

"ದೋಣಿಯಿಂದ ಉತ್ತರ ಬರುತ್ತಿಲ್ಲ. ಎಲ್ಲಿದೆ ಎಂದು ನನಗೆ ಗೊತ್ತಿಲ್ಲ."

ಲುಕ್ಷಾನ ಫೋನು ಹತ್ತಲಿಲ್ಲ. ಯೆರ್ಕೊನದೂ ಇಲ್ಲ. ಬೆಳಕು ಮಾಸತೊಡಗಿತು. ಹೊಸ್ತಿಲಲ್ಲಿ ಸ್ರೆಚ್ಕೊ ಬಂದು ನಿಂತ. ಮಧ್ಯಾಹ್ನದ ಜೋರು ಇರಲಿಲ್ಲ.

"ವಿಂಕಾ, ಇಡೀ ಊರು ನಂಗೆ ಫೋನು ಮಾಡ್ತಿದೆ. ತೋನ್ಕಾಳ ಗಂಡ ಬಲೆ ಎಳೆಯೋಕೆ ಹೋದೋನು ಬಂದಿಲ್ಲ. ಬೆಪಿನಾನ ಕೇಳಿದ್ರೆ ಗೊತ್ತಿಲ್ಲ ಅಂತಾಳಂತೆ. ಆ ಹೆಂಗಸು ಫೋನಲ್ಲಿ ಅಳ್ತಿದಾಳೆ. ಇವತ್ತೊಂದು ರಾತ್ರಿ ಆ ಸಾಲು ವಾಪಸ್ ಹಾಕಮ್ಮಾ. ಜನ ನೆಮ್ಮದಿಯಾಗಿ ಮಲಗ್ಲಿ."

"ನೆಮ್ಮದಿಯಾಗಿ ಮಲಗಿದ್ರೆ ಹುಡುಕೋಕೆ ಹೋಗೋರು ಯಾರು ಅಧ್ಯಕ್ಷರೇ? ತೋನ್ಕಾ ಅಳ್ತಿರೋದಕ್ಕೇ ಈಗ ನಾಲ್ಕು ಜನ ದೀಪ ಹಿಡ್ಕೊಂಡು ಕಟ್ಟೆಗೆ ಹೋಗಿದಾರೆ. ನೀವೂ ಹೋಗಿ."

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. ದನಿ ತಗ್ಗಿಸಿ ಅಂದ, "ನಿನಗೂ ಒಂದು ಸಮಾಧಾನ ಆಗ್ತಿತ್ತಲ್ಲ ಅಂತ."

ಆ ಮಾತು ನಾಟಿತು. ಯಾಕೆಂದರೆ ಅವಳಿಗೆ ಆಸೆಯಾಗಿತ್ತು. ಆ ಬೆಚ್ಚನೆಯ ದನಿ ಒಂದೇ ಒಂದು ಸಲ, ತಲುಪಿದ ಮಗಳೇ, ಅಂದುಬಿಟ್ಟರೆ ಸಾಕು ಅನ್ನಿಸಿತ್ತು. ಒಂದೇ ಸಾಲು ಸೇರಿಸುವ ಕೆಲಸ. ಅವಳು ಬೂಟನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಗಳಿಂದ ಅದನ್ನೇ ಬಿಗಿಯಾಗಿ ಹಿಡಿದಳು.

"ಬೇಡ," ಅಂದಳು. "ನೀವು ಕಟ್ಟೆಗೆ ಹೋಗಿ."

ಅವನು ಕೋಟಿನ ಕಾಲರ್ ಎತ್ತಿಕೊಂಡು ಇಳಿದು ಹೋದ. ವಿಂಕಾ ಮತ್ತೆ ಕೇಳಿದಳು, ಗೊತ್ತಿಲ್ಲ ಅಂದಳು ಬೆಪಿನಾ. ಇನ್ನೊಮ್ಮೆ ಕೇಳಿದಳು, ಗೊತ್ತಿಲ್ಲ. ಫ್ರಾನೆ ಮಾವ ಬಿಸಿ ಸಾರಿನ ಪಾತ್ರೆ ತಂದು ಮೇಜಿನ ಮೇಲಿಟ್ಟು, ದೀಪ ಹಿಡಿದು ಹೋದವರು ತೋನ್ಕಾಳ ಗಂಡನನ್ನು ದಡಕ್ಕೆ ತಂದರೆಂದು ಹೇಳಿ ಮೂಲೆಯ ಕುರ್ಚಿಯಲ್ಲಿ ಕೂತ. ಹೊರಗೆ ಯಾರದೋ ಮನೆಯ ಹೆಂಚು ಹಾರಿ ಬೀದಿಗೆ ಬಿತ್ತು.

"ಬೆಪಿನಾ, ದೋಣಿ ಎಲ್ಲಿದೆ?"

ಬೆಪಿನಾ ತಡಮಾಡಿದಳು.

"ದೋಣಿ ಸ್ಪ್ಲಿಟ್ ಬಂದರಿನಲ್ಲಿದೆ. ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸಿದ್ದಾರೆ."

ಫ್ರಾನೆ ಮಾವ ಕುರ್ಚಿಯಿಂದ ಅರ್ಧ ಎದ್ದ. "ಇನ್ನೊಂದ್ಸಲ ಕೇಳು ಮಗಳೇ, ನಿಜಾನಾ ಅಂತ."

ವಿಂಕಾ ಬೇಡವೆಂದು ತಲೆಯಾಡಿಸಿದಳು. ಗೊತ್ತಿಲ್ಲದಾಗ ಗೊತ್ತಿಲ್ಲ ಅಂದವಳನ್ನು ಮತ್ತೆ ಕೇಳುವ ಅಗತ್ಯವಿರಲಿಲ್ಲ. ತಮ್ಮನ ಬೂಟಿಗೆ ಮುಖ ಒತ್ತಿ, ಬೆಳಗ್ಗೆಯಿಂದ ತಡೆದಿಟ್ಟ ಅಳುವನ್ನೆಲ್ಲ ಗಟ್ಟಿಯಾಗಿ ಅತ್ತುಬಿಟ್ಟಳು.